ಪಂಕ್ತಿಯಲ್ಲಿ ಕೂತೆ

ಇವತ್ತು ಅತ್ತಿಗೆ ಮನೆ ಗೃಹಪ್ರವೇಶ. ಆಪರೇಷನ್ ಆದಮೇಲೆ ಮೊದಲ ಸಲ ಪಂಕ್ತಿಯಲ್ಲಿ ಕೂತೆ.

ಸಾರು ಬಡಿಸುವ ಹೊತ್ತಿಗೆ ಹೊಟ್ಟೆ ಮೇಲಿನ ಚೀಲ ಸದ್ದು ಮಾಡಿತು. ಆಪರೇಷನ್‌ನಲ್ಲಿ ಮಲ ಹೊರಬರೋಕೆ ಹೊಟ್ಟೆ ಮೇಲೆ ಮಾಡಿದ ದ್ವಾರ, ಅಂದರೆ ಸ್ಟೋಮಾ, ಅದರ ಮೇಲೆ ಅಂಟಿಸಿದ ಚೀಲ ಇದು. ಸ್ಟೋಮಾಗೆ ತಡೆಹಿಡಿಯುವ ಸ್ನಾಯು ಇರಲ್ಲ. ಗಾಳಿ ಬರೋ ಹೊತ್ತಿಗೆ ಬರುತ್ತೆ. ಸೆರಗು ಒತ್ತಿ ಹಿಡಿದು ತಲೆ ತಗ್ಗಿಸಿದೆ.

ಪಕ್ಕದಲ್ಲಿದ್ದ ದೊಡ್ಡಮ್ಮ ತಿರುಗಿದರು. "ಹೋಳಿಗೆಗೆ ಇನ್ನೊಂದು ಸೌಟು ತುಪ್ಪ ಹಾಕಿಸ್ಕೋ, ಎಷ್ಟು ಸಣ್ಣಗಾಗಿದ್ದೀಯ" ಅಂದರು. ಅಷ್ಟೇ.

ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು, ಇಲ್ಲದಿದ್ದರೆ ಭಾರಕ್ಕೆ ಅಂಟು ಬಿಡುತ್ತೆ. ಇದೆಲ್ಲ ನರ್ಸ್ ಹೇಳಿಕೊಟ್ಟಿದ್ದರು. ನಾಲ್ಕು ಜನರ ಮಧ್ಯೆ ಕೂರೋದು ಮಾತ್ರ ನಾನೇ ಕಲೀಬೇಕು. ಕ್ಯಾನ್ಸರ್ ಹೋಯ್ತಲ್ಲ, ಇನ್ನೇನು ಅಂತಾರೆ. ನಿಜ, ಆದರೆ ಈ ಹೊಸ ಮೈ ಜೊತೆ ಹೊಂದಿಕೊಳ್ಳೋಕೂ ಟೈಮ್ ಬೇಕು ಅಲ್ವಾ?

ಮುಂದಿನ ತಿಂಗಳು ತಂಗಿ ಮಗನ ಮುಂಜಿ. ಬರ್ತೀನಿ ಅಂತ ಫೋನ್ ಮಾಡಿ ಹೇಳಿದೆ.