ಭಾನುವಾರದ ನೋಟ್‌ಬುಕ್

ಆರು ವರ್ಷ ಒಂದು ಭಾನುವಾರವನ್ನೂ ಬಿಟ್ಟವಳಲ್ಲ ನಾನು. ಮನೆಯವರು ಏಳುವ ಮೊದಲೇ ಎದ್ದು, ನೋಟ್‌ಬುಕ್ ತೆಗೆದು, ಒಂದು ಬರಹ ಮುಗಿಸಿ, ಓದುವವರಿಗೆ ಕಳಿಸಿದ ಮೇಲೆಯೇ ಮುಂದಿನ ಕೆಲಸ. ಜ್ವರ ಬಂದ ವಾರವೂ ಬರೆದೆ, ಮನೆ ಬದಲಿಸಿದ ವಾರವೂ ಬರೆದೆ. ಹೆರಿಗೆಗೆ ಒಂದು ತಿಂಗಳಿರುವಾಗ ನಾಲ್ಕು ಬರಹ ಮುಂಚೆಯೇ ಬರೆದಿಟ್ಟೆ. ಅವು ಮುಗಿಯುವಷ್ಟರಲ್ಲಿ ಎಲ್ಲ ಒಂದು ಹದಕ್ಕೆ ಬರುತ್ತೆ, ಆಮೇಲೆ ಮಗು ಮಲಗಿದಾಗ ಬರೆದರಾಯಿತು ಅನ್ನೋದು ನನ್ನ ಲೆಕ್ಕ. ಹುಟ್ಟಿದ ಮಕ್ಕಳು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತವೆ ಅಂತ ಓದಿದ್ದೆ. ಅದರಲ್ಲಿ ನನಗೆ ಒಂದು ಗಂಟೆ ಸಿಗಲ್ವಾ?

ಓದಿದ್ದು ಸುಳ್ಳಲ್ಲ. ಮಗಳು ಅಷ್ಟೇ ಹೊತ್ತು ಮಲಗುತ್ತಿದ್ದಳು, ಆದರೆ ಆ ನಿದ್ದೆಯೆಲ್ಲ ಚೂರು ಚೂರು. 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಸಬೇಕು. ಎರಡು ಗಂಟೆಗೊಮ್ಮೆ ಅಂದರೆ ಹಾಲು ಕುಡಿಸಲು ಶುರು ಮಾಡಿದ ಹೊತ್ತಿನಿಂದ ಎಣಿಸಬೇಕು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಕುಡಿಯಲು ನಲವತ್ತು ನಿಮಿಷ. ಹೆಗಲ ಮೇಲೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಲು ಹತ್ತು ನಿಮಿಷ. ಬಟ್ಟೆ ಬದಲಿಸಿ, ತಟ್ಟಿ ಮಲಗಿಸುವಷ್ಟರಲ್ಲಿ ಉಳಿಯೋದು ಮುಕ್ಕಾಲು ಗಂಟೆ. ನನ್ನ ಊಟ, ಸ್ನಾನ, ನಿದ್ದೆ ಎಲ್ಲ ಅದರೊಳಗೇ.

ಇದರ ಮಧ್ಯೆ ಮಗಳ ತೂಕ ಇಳಿಯಿತು. ಹುಟ್ಟಿದಾಗ 3 ಕೆಜಿ ಇದ್ದವಳು ನಾಲ್ಕನೇ ದಿನ 2.760. ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯೋದು ಸಹಜ, ಎರಡು ವಾರದೊಳಗೆ ವಾಪಸ್ ಬರುತ್ತೆ ಅಂತ ಡಾಕ್ಟರು ಸಮಾಧಾನ ಹೇಳಿದರು. ಆದರೂ ಶೇಕಡಾ 8 ಅಂದಾಗ ನನ್ನ ಎದೆ ಹೊಡೆದುಕೊಂಡಿತು. "ಎಲ್ಲ ಬರೆದಿಡಿ ಅಮ್ಮಾ. ಎಷ್ಟು ಹೊತ್ತಿಗೆ ಕುಡಿದಳು, ಎಷ್ಟು ಸಲ ಉಚ್ಚೆ ಮಾಡಿದಳು, ಎಲ್ಲ ಇರಲಿ" ಅಂದರು.

ಮನೆಗೆ ಬಂದು ತಡಕಾಡಿದರೆ ಕೈಗೆ ಸಿಕ್ಕಿದ್ದು ಭಾನುವಾರದ ನೋಟ್‌ಬುಕ್ಕೇ. ಎಡಗಡೆ ಪುಟದಲ್ಲಿ ನಾನು ಅರ್ಧಕ್ಕೆ ಬಿಟ್ಟಿದ್ದ ಬರಹ, ಎರಡು ಕಡೆ ಕಾಟು ಹೊಡೆದ ಸಾಲು. ಬಲಗಡೆ ಪುಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದೆ. ರಾತ್ರಿ 1.50, ಎಡ, 20 ನಿಮಿಷ. 4.05, ಬಲ, 25 ನಿಮಿಷ, ಒದ್ದೆ. 6.10, ಎಡ, ಕುಡಿಯುತ್ತಲೇ ನಿದ್ದೆ. ಐದನೇ ದಿನದ ಮೇಲೆ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾದರೆ ಹಾಲು ಸಾಕಾಗುತ್ತಿದೆ ಅಂತ ಅರ್ಥ. ಆರನೆಯ "ಒದ್ದೆ" ಬರೆಯುವಾಗ ನನಗಾಗುತ್ತಿದ್ದ ಖುಷಿಯನ್ನು ಯಾವ ಬರಹ ಮುಗಿಸಿದಾಗಲೂ ಕಂಡಿರಲಿಲ್ಲ. ಹನ್ನೆರಡನೇ ದಿನ ಅವಳ ತೂಕ 3 ಕೆಜಿ ದಾಟಿತು. ಗಂಡನೂ ನಾನೂ ತೂಕದ ಮಾಪಕದ ಎದುರೇ ಅತ್ತುಬಿಟ್ಟೆವು. ಡಾಕ್ಟರು ಇನ್ನು ಬರೆಯಬೇಕಿಲ್ಲ ಅಂದರೂ ನಮಗೆ ಬಿಡಲು ಧೈರ್ಯ ಬರಲಿಲ್ಲ.

ಬರೆದಿಟ್ಟಿದ್ದ ನಾಲ್ಕೂ ಬರಹ ಖಾಲಿಯಾದವು. ಐದನೇ ವಾರ ಹೇಗಾದರೂ ಬರೆಯಲೇಬೇಕು ಅಂತ ಹಟ ಹಿಡಿದೆ. ಒಂದು ರಾತ್ರಿ ಮೂರರ ಹೊತ್ತು. ಹಾಲು ಕುಡಿಯುತ್ತಿದ್ದ ಮಗಳು ತಟ್ಟನೆ ನಿಲ್ಲಿಸಿ ನನ್ನ ಮುಖ ನೋಡಿದಳು. ಆ ವಯಸ್ಸಿನ ಮಕ್ಕಳಿಗೆ 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತೆ. ಎದೆಯಿಂದ ಅಮ್ಮನ ಮುಖಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಗಲ್ಲದ ಮೇಲೆ ಒಂದು ಹನಿ ಹಾಲು, ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಾಳೆ. ನನ್ನ ತಲೆ ಮಾತ್ರ ಆಗಲೇ ಸಾಲು ಕಟ್ಟುತ್ತಿತ್ತು. "ನೋಡಿದಳು" ಅನ್ನಲಾ, "ದಿಟ್ಟಿಸಿದಳು" ಅನ್ನಲಾ? ಯಾವುದು ಸರಿ ಅಂತ ತೂಗಿ ನೋಡಿ, ಮತ್ತೆ ಅವಳ ಕಡೆ ತಿರುಗುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು.

ಆ ರಾತ್ರಿಯೇ ತೀರ್ಮಾನ ಮಾಡಿದೆ. ಗಂಡ "ಪೂರ್ತಿ ಬಿಡ್ತೀಯಾ?" ಅಂತ ಕೇಳಿದರು. "ಬಿಡಲ್ಲ. ಸದ್ಯಕ್ಕೆ ವಾರ ವಾರ ಬೇಡ" ಅಂದೆ. ಓದುವವರಿಗೆ ಮೂರೇ ಸಾಲು ಬರೆದು ಕಳಿಸಿದೆ. ಮತ್ತೆ ಯಾವಾಗ ಅಂತ ತಾರೀಕು ಹಾಕಲಿಲ್ಲ. ಹಾಕಿದ್ದರೆ ಆ ತಾರೀಕು ಬರುವವರೆಗೂ ದಿನ ಎಣಿಸುತ್ತಾ ಕೂರುತ್ತಿದ್ದೆ.

ಸುಲಭವಾಗಿತ್ತು ಅಂತ ಹೇಳಲಾರೆ. ಬರಹವಿಲ್ಲದ ಮೊದಲ ಭಾನುವಾರ ಒಲೆ ಆರಿಸದೆ ಹೊರಟುಬಂದ ಹಾಗೆ ಕಸಿವಿಸಿ. ಆರು ವರ್ಷ ಕಾದು ಓದಿದವರು ಮರೆತುಬಿಟ್ಟರೆ ಅನ್ನೋ ಭಯವೂ ಇತ್ತು. ಈ ದಿನಗಳೇ ಬರೆಯಬೇಕಾದ ದಿನಗಳು, ಆಮೇಲೆ ಮರೆತುಹೋಗುತ್ತೆ ಅಂತ ಸ್ನೇಹಿತರು ಹೇಳಿದರು. ಅವರ ಮಾತು ಬೇರೆಯವರ ಪಾಲಿಗೆ ನಿಜ ಇರಬಹುದು. ನನಗೆ ಬರೆಯೋದು ಅಂದರೆ ಒಂದು ಹೆಜ್ಜೆ ಹಿಂದೆ ಸರಿದು ನೋಡೋದು. ಆ ಒಂದು ಹೆಜ್ಜೆ ಆಗ ಬೇಡವಾಗಿತ್ತು. ಸ್ವಲ್ಪ ಮರೆತರೂ ಪರವಾಗಿಲ್ಲ ಅನ್ನಿಸಿತು.

ಏಳನೇ ವಾರದ ಒಂದು ಬೆಳಿಗ್ಗೆ, ತುಂಬಾ ದಿನದ ಮೇಲೆ ಮೂರು ಗಂಟೆ ಒಟ್ಟಿಗೆ ಮಲಗಿ ಎದ್ದೆ. ಗಾಬರಿಯಾಗಿ ನೋಟ್‌ಬುಕ್ ತೆರೆದೆ. 4.15, ಬಲ, 20 ನಿಮಿಷ. ಅದು ನಾನು ಬರೆದಿದ್ದು. ಅದರ ಕೆಳಗೆ 5.20 ಅಂತ ಗಂಡನ ವಾರೆ ಅಕ್ಷರ. ಒದ್ದೆ, ಬದಲಿಸಿದೆ. ಪಕ್ಕದಲ್ಲಿ ಗೆರೆಯ ಆಚೆಗೆ ಒಂದೇ ಪದ: ನಕ್ಕಳು.

ಮಗಳನ್ನು ಎದೆ ಮೇಲೆ ಹಾಕಿಕೊಂಡು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಎಬ್ಬಿಸಿ ಕೇಳಿದೆ, "ಹೇಗೆ ನಕ್ಕಳು, ಹೇಳಿ."