ಬ್ಯಾನರ್ ಬಿಟ್ಟು ಲೀಡ್ ಮಾರುವುದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸೈಟು, ನ್ಯೂಸ್‌ಲೆಟರ್ ನಡೆಸುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಹೀಗೇ ಇರುತ್ತದೆ: "ಓದುಗರಿದ್ದಾರೆ, ಆದರೆ ಬ್ಯಾನರ್‌ಗೆ ದರ ಸಿಗುತ್ತಿಲ್ಲ. ಜಾಹೀರಾತುದಾರರು 'ಲೀಡ್ ಕೊಡಿ, ಅಂದರೆ ನಮ್ಮಲ್ಲಿ ಆಸಕ್ತಿ ತೋರಿಸಿದವರ ಹೆಸರು, ಫೋನ್ ಕೊಡಿ, ದುಡ್ಡು ಕೊಡ್ತೀವಿ' ಅನ್ನುತ್ತಾರೆ. ಒಂದು ಲೀಡ್‌ಗೆ ಎಷ್ಟು ಕೇಳಬೇಕು?"

ದರದ ಮಾತು ಕೊನೆಗಿರಲಿ. ಯಾವುದನ್ನು ಲೀಡ್ ಅನ್ನಬೇಕು, ಯಾವ ಕಾರಣಕ್ಕೆ ಅದನ್ನು ತಿರಸ್ಕರಿಸಬಹುದು ಅನ್ನುವುದು ಮೊದಲು ತೀರ್ಮಾನವಾಗಬೇಕು. ಅದು ಕಾಗದದ ಮೇಲೆ ಇಲ್ಲದಿದ್ದರೆ ನೀವು ಕೇಳಿದ ದರಕ್ಕೆ ಅರ್ಥವೇ ಇಲ್ಲ. 100 ಲೀಡ್ ಕಳಿಸಿದ ಮೇಲೆ "ಇದರಲ್ಲಿ 40 ಮಾತ್ರ ಸರಿ ಇವೆ" ಎಂಬ ಮೇಲ್ ಬಂದರೆ ನಿಮ್ಮ ದರ ಅಲ್ಲಿಗೇ ಅರ್ಧಕ್ಕಿಂತ ಕೆಳಗಿಳಿಯಿತು.

ಸಿಪಿಎಂ ಲೆಕ್ಕದಲ್ಲಿ, ಅಂದರೆ ಸಾವಿರ ಬಾರಿ ತೋರಿಸಿದ್ದಕ್ಕೆ ಇಷ್ಟು ಎಂದು ಮಾರುವಾಗ, ಜಾಹೀರಾತು ಕೆಲಸ ಮಾಡದಿದ್ದರೆ ನಷ್ಟ ಜಾಹೀರಾತುದಾರರದ್ದು. ಸಿಪಿಎಲ್‌ನಲ್ಲಿ, ಅಂದರೆ ಲೀಡ್‌ಗೆ ಇಷ್ಟು ಎಂದು ಮಾರುವಾಗ, ಆ ನಷ್ಟ ಪೂರ್ತಿ ನಿಮ್ಮ ತಲೆಗೆ ಬರುತ್ತದೆ. ಜಾಹೀರಾತಿನ ಚಿತ್ರ ಸಪ್ಪೆಯಾಗಿದ್ದರೂ, ಅವರ ಹೆಸರನ್ನು ಯಾರೂ ಕೇಳಿರದಿದ್ದರೂ, ಜಾಗ ಕೊಟ್ಟು ಕಾದವರು ನೀವು. ಅಷ್ಟು ಹೊರೆ ಹೊರುವವರಿಗೆ ಫಾರ್ಮ್, ಬರವಣಿಗೆ, ಪುಟದ ವಿನ್ಯಾಸ ಎಲ್ಲದರಲ್ಲೂ ಮಾತಿರಬೇಕು. "ನಮ್ಮ ಪುಟಕ್ಕೆ ಜನರನ್ನು ಕಳಿಸಿ, ಫಾರ್ಮ್ ತುಂಬಿದವರಿಗೆ ಮಾತ್ರ ದುಡ್ಡು" ಅನ್ನುವವರಿಗೆ ಬೇಡ ಅನ್ನಿ, ಇಲ್ಲವೇ ಕ್ಲಿಕ್ ಲೆಕ್ಕದಲ್ಲಿ ಮಾರಿ. ನಿಧಾನವಾಗಿ ತೆರೆಯುವ ಅವರ ಪುಟಕ್ಕೂ, ಅವರ ಡೆವಲಪರ್ ಒಂದು ದಿನ ಅಳಿಸಿಹಾಕುವ ಟ್ರ್ಯಾಕಿಂಗ್ ಕೋಡಿಗೂ ನೀವು ದಂಡ ತೆರಬೇಕಿಲ್ಲ.

ಯಾರಿಗೆ ಮಾರುವುದು

ಕೊಳ್ಳುವ ಮುನ್ನ ಜನ ಯೋಚಿಸುವ, ಯಾರನ್ನಾದರೂ ಕೇಳುವ, ಫೋನಿನಲ್ಲಿ ಮಾತಾಡುವ ವ್ಯವಹಾರಗಳು ಇದಕ್ಕೆ ಸರಿ: ವಿಮೆ, ಸಾಲ, ದೀರ್ಘ ಕೋರ್ಸುಗಳು, ಮನೆ ನವೀಕರಣ, ಕಂಪನಿಗಳು ಬಳಸುವ ಸಾಫ್ಟ್‌ವೇರ್. ಒಂದೇ ಕ್ಲಿಕ್ಕಿನಲ್ಲಿ ಕೊಳ್ಳುವ ಅಗ್ಗದ ವಸ್ತುವಿಗೆ ಲೀಡ್ ಬೇಕಿಲ್ಲ.

ಮೊದಲ ಮಾತುಕತೆಯಲ್ಲಿ ಓದುಗರ ಸಂಖ್ಯೆ ತೋರಿಸುವುದಕ್ಕಿಂತ ಪ್ರಶ್ನೆ ಕೇಳುವುದು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಈಗ ಲೀಡ್ ಎಲ್ಲಿಂದ ಬರುತ್ತಿದೆ? ಬಂದದ್ದಕ್ಕೆ ಯಾರು, ಎಷ್ಟು ಹೊತ್ತಿನೊಳಗೆ ಫೋನ್ ಮಾಡುತ್ತಾರೆ? ದಿನಕ್ಕೆ ಎಷ್ಟು ಲೀಡ್ ನಿಭಾಯಿಸಬಲ್ಲರು? 100 ಲೀಡ್‌ನಲ್ಲಿ ಎಷ್ಟು ಜನ ಗ್ರಾಹಕರಾಗುತ್ತಾರೆ? ಒಬ್ಬ ಗ್ರಾಹಕನಿಂದ ಖರ್ಚು ಕಳೆದು ಎಷ್ಟು ಉಳಿಯುತ್ತದೆ? ಕೊನೆಯ ಎರಡಕ್ಕೆ ಉತ್ತರ ಗೊತ್ತಿಲ್ಲದವರಿಗೆ ನಿಮ್ಮ ಲೀಡ್ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ದಾರಿಯೂ ಇರುವುದಿಲ್ಲ. ಫೋನ್ ಮಾಡಲು ಪ್ರತ್ಯೇಕ ಜನರೇ ಇಲ್ಲದ ಕಡೆಗೆ ಲೀಡ್ ಮಾರಬೇಡಿ. ಮೂರು ದಿನ ಬಿಟ್ಟು ಫೋನ್ ಮಾಡಿ, "ಯಾರಿಗೂ ಆಸಕ್ತಿಯೇ ಇಲ್ಲ" ಅನ್ನುತ್ತಾರೆ.

ಲೀಡ್ ಅಂದರೆ ಏನು ಎಂದು ಬರೆಯುವುದು

ಒಂದು ಪುಟ ಸಾಕು. ಯಾವ ಯಾವ ಮಾಹಿತಿ ಕಡ್ಡಾಯ, ಯಾವ ಪ್ರದೇಶದವರು, ಯಾವ ವಯಸ್ಸು ಅಥವಾ ಹುದ್ದೆ, ಹಳೆಯ ಲೀಡ್ ಮತ್ತೆ ಬಂದರೆ ಎಷ್ಟು ದಿನದೊಳಗಿನದನ್ನು ನಕಲು ಎಂದು ಎಣಿಸುವುದು. 90 ದಿನ ಎಂದು ಹಾಕಿದರೆ ಸಾಮಾನ್ಯವಾಗಿ ಇಬ್ಬರಿಗೂ ಒಪ್ಪಿಗೆಯಾಗುತ್ತದೆ.

ಆ ಪುಟದ ಜೀವಾಳ ತಿರಸ್ಕಾರದ ಕಾರಣಗಳ ಪಟ್ಟಿ. ಅಸ್ತಿತ್ವದಲ್ಲೇ ಇಲ್ಲದ ಫೋನ್ ನಂಬರ್, ಪುಟಿದು ವಾಪಸ್ ಬರುವ ಇಮೇಲ್, ನಕಲು, ಒಪ್ಪಿದ ಪ್ರದೇಶದ ಆಚೆಯವರು, ಕೀಬೋರ್ಡ್ ಮೇಲೆ ಬೆರಳಾಡಿಸಿ ಬರೆದ ಹೆಸರು, ಇವು ಸರಿಯಾದ ಕಾರಣಗಳು. "ಫೋನ್ ಎತ್ತಲಿಲ್ಲ", "ಈಗ ಬೇಡ ಅಂದರು", "ದುಡ್ಡಿಲ್ಲ ಅಂದರು" ಎಂಬುವು ತಿರಸ್ಕಾರಕ್ಕೆ ಕಾರಣಗಳಲ್ಲ, ಮತ್ತು ಅವು ಅಲ್ಲ ಎಂಬುದನ್ನೂ ಬರೆದೇ ಇಡಬೇಕು. ಆಸಕ್ತಿ ತೋರಿದವರನ್ನು ಒಪ್ಪಿಸುವುದು ಅವರ ಸೇಲ್ಸ್‌ನವರ ಕೆಲಸ. ಅದರ ಸೋಲನ್ನು ನಿಮ್ಮ ಬಿಲ್ಲಿನಲ್ಲಿ ಕಳೆಯಲು ಬಿಟ್ಟರೆ ನೀವು ಮಾರಿದ್ದು ಲೀಡ್ ಅಲ್ಲ, ಕಮಿಷನ್ ಇಲ್ಲದ ಸೇಲ್ಸ್ ಕೆಲಸ.

ವಾಪಸಾತಿಗೆ ಗಡುವು ಇರಲಿ: ಲೀಡ್ ತಲುಪಿದ 7 ದಿನದೊಳಗೆ, ಒಂದೊಂದಕ್ಕೂ ಕಾರಣ ನಮೂದಿಸಿ. ಗಡುವು ದಾಟಿದ್ದು ಒಪ್ಪಿಗೆಯಾದಂತೆ. ತಿಂಗಳ ಕೊನೆಯಲ್ಲಿ ಒಟ್ಟಾಗಿ "30 ಶೇಕಡಾ ಕಳೆಯಿರಿ" ಅನ್ನುವ ಪದ್ಧತಿಗೆ ಒಮ್ಮೆ ಒಪ್ಪಿದರೆ ಮುಂದಿನ ತಿಂಗಳು ಅದು 40 ಆಗುತ್ತದೆ.

ಈಗ ದರ

ಎರಡು ಲೆಕ್ಕ ಮಾಡಬೇಕು: ನಿಮ್ಮ ನೆಲ, ಅಂದರೆ ನೀವು ಕೆಳಗಿಳಿಯಬಾರದ ದರ; ಅವರ ಛಾವಣಿ, ಅಂದರೆ ಅವರು ಮೀರಲಾಗದ ದರ. ಕೆಳಗಿನವು ಉದಾಹರಣೆಗೆ ಇಟ್ಟುಕೊಂಡ ಸಂಖ್ಯೆಗಳು, ಹಣ ಯಾವ ದೇಶದ್ದಾದರೂ ಆಗಲಿ.

ಛಾವಣಿ ಮೊದಲು. ಒಬ್ಬ ಗ್ರಾಹಕನಿಂದ ಅವರಿಗೆ 20,000 ಉಳಿಯುತ್ತದೆ, 100 ಲೀಡ್‌ಗೆ 5 ಜನ ಗ್ರಾಹಕರಾಗುತ್ತಾರೆ ಎಂದುಕೊಳ್ಳಿ. ಒಂದು ಲೀಡ್ ಅವರಿಗೆ 1,000 ತಂದುಕೊಡುತ್ತದೆ. ಅಷ್ಟನ್ನೂ ನಿಮಗೇ ಕೊಟ್ಟರೆ ಅವರಿಗೇನೂ ಉಳಿಯದು. ಮೂರನೇ ಒಂದು ಪಾಲು ಕೊಡಬಲ್ಲರು ಎಂದರೆ ಸುಮಾರು 333.

ನೆಲ ಎಂದರೆ ಅದೇ ಜಾಗವನ್ನು ಬೇರೆ ರೀತಿ ಮಾರಿದ್ದರೆ ಬರುತ್ತಿದ್ದ ಹಣ. ಬ್ಯಾನರನ್ನು 1,00,000 ಬಾರಿ ತೋರಿಸಿ, ಸಾವಿರಕ್ಕೆ 150ರಂತೆ 15,000 ಗಳಿಸುತ್ತಿದ್ದಿರಿ ಅನ್ನೋಣ. ಅಲ್ಲಿ 0.4 ಶೇಕಡಾ ಕ್ಲಿಕ್ ಎಂದರೆ 400 ಜನ. ಅವರಲ್ಲಿ 12 ಶೇಕಡಾ ಫಾರ್ಮ್ ತುಂಬಿದರೆ 48. ತಿರಸ್ಕಾರ 15 ಶೇಕಡಾ ಹೋದರೆ ಉಳಿದದ್ದು 41. 15,000ವನ್ನು 41ರಿಂದ ಭಾಗಿಸಿದರೆ 366. ಛಾವಣಿಗಿಂತ ನೆಲವೇ ಮೇಲಿದೆ! ಈ ಬ್ಯಾನರ್ ಜಾಗದಲ್ಲಿ ಈ ಜಾಹೀರಾತುದಾರರಿಗೆ ಲೀಡ್ ಮಾರಬಾರದು, ಅಷ್ಟೇ.

ಅದೇ ಸೈಟಿನ ನ್ಯೂಸ್‌ಲೆಟರ್ ನೋಡಿ. 40,000 ಜನರಿಗೆ ಹೋಗುತ್ತದೆ, ಅದರ ಜಾಹೀರಾತು ಜಾಗ 12,000ಕ್ಕೆ ಮಾರಾಟವಾಗುತ್ತದೆ. 1.5 ಶೇಕಡಾ ಕ್ಲಿಕ್ ಎಂದರೆ 600, ಅದರಲ್ಲಿ 15 ಶೇಕಡಾ ಫಾರ್ಮ್ ತುಂಬಿದರೆ 90, ತಿರಸ್ಕಾರ ಕಳೆದು 76. ನೆಲ 158. ಈಗ 158 ಮತ್ತು 333ರ ನಡುವೆ ಮಾತಾಡಲು ಜಾಗವಿದೆ. 250 ಕೇಳಿದರೆ ಅದೇ ಜಾಗದಿಂದ 19,000 ಬರುತ್ತದೆ, ಅವರಿಗೂ ಲಾಭ. ಆದರೆ ಇದೇ ಪಟ್ಟಿಗೆ ವಾರ ವಾರ ಅದೇ ಆಹ್ವಾನ ಕಳಿಸಿದರೆ ಎರಡನೇ ಸಲಕ್ಕೇ ಸಂಖ್ಯೆ ಇಳಿಯುತ್ತದೆ, ಏಕೆಂದರೆ ತುಂಬುವವರು ಮೊದಲ ಸಲವೇ ತುಂಬಿರುತ್ತಾರೆ. ಮೊದಲ ವಾರದ ಫಲವನ್ನು 12ರಿಂದ ಗುಣಿಸಿ ಮೂರು ತಿಂಗಳಿಗೆ ಇಷ್ಟು ಲೀಡ್ ಎಂದು ಮಾತು ಕೊಡುವವರು ಕೈ ಸುಟ್ಟುಕೊಳ್ಳುವುದು ಇಲ್ಲೇ.

ಹೊಸ ಜಾಹೀರಾತುದಾರರ ಹೆಸರು ಓದುಗರಿಗೆ ಪರಿಚಯವಿಲ್ಲದಿದ್ದರೆ ಮಿಶ್ರ ದರ ಕೇಳಿ: ಪುಟ ಕಟ್ಟುವುದಕ್ಕೂ ಜಾಗಕ್ಕೂ ಒಂದು ನಿಗದಿತ ಮೊತ್ತ, ಅದರ ಮೇಲೆ ಸ್ವಲ್ಪ ಕಡಿಮೆ ಸಿಪಿಎಲ್.

ಫಾರ್ಮ್

ಒಂದೊಂದು ಪ್ರಶ್ನೆ ಹೆಚ್ಚಿಸಿದಾಗಲೂ ತುಂಬುವವರು ಕಡಿಮೆಯಾಗುತ್ತಾರೆ, ತುಂಬಿದವರ ಆಸಕ್ತಿ ಹೆಚ್ಚಿರುತ್ತದೆ. ಹೆಸರು, ಫೋನ್, ಇಮೇಲ್, ಊರು, ಜೊತೆಗೆ "ಯಾವಾಗ ಬೇಕು?" ಎಂಬ ಆಯ್ಕೆಯ ಪ್ರಶ್ನೆ: ಈ ಐದು ಹೆಚ್ಚಿನ ವ್ಯವಹಾರಗಳಿಗೆ ಸಾಕು. ಆ ಐದನೆಯದು ಬಹಳ ಬೆಲೆಬಾಳುವ ಪ್ರಶ್ನೆ. "ಒಂದು ತಿಂಗಳೊಳಗೆ" ಎಂದವರನ್ನು ಒಂದು ದರಕ್ಕೆ, "ಸುಮ್ಮನೆ ನೋಡುತ್ತಿದ್ದೇನೆ" ಎಂದವರನ್ನು ಇನ್ನೊಂದು ದರಕ್ಕೆ ಮಾರಬಹುದು. ಜಾಹೀರಾತುದಾರರು ಹತ್ತು ಪ್ರಶ್ನೆ ಕೇಳಿದರೆ ಬೇಡವೆನ್ನಬೇಡಿ. ಪ್ರತಿ ಹೆಚ್ಚುವರಿ ಪ್ರಶ್ನೆಗೂ ದರ ಏರುತ್ತದೆ ಎಂದು ಹೇಳಿ. ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ.

ಸೋಷಿಯಲ್ ಮೀಡಿಯಾದಲ್ಲಿ ತಾನೇ ತುಂಬಿಕೊಳ್ಳುವ ಫಾರ್ಮ್‌ಗಳಿಂದ ರಾಶಿಗಟ್ಟಲೆ ಲೀಡ್ ಬರುತ್ತವೆ. ಅವುಗಳಲ್ಲಿ ಎಷ್ಟೋ ಜನ ವರ್ಷಗಳ ಹಿಂದೆ ಖಾತೆ ತೆರೆದಾಗ ಕೊಟ್ಟ, ಈಗ ನೋಡದ ಇಮೇಲ್ ಇರುತ್ತದೆ. ಇನ್ನು, ಬಹುಮಾನದ ಆಸೆ ತೋರಿಸಿ ಫಾರ್ಮ್ ತುಂಬಿಸಬೇಡಿ. ಅವರಿಗೆ ಬೇಕಿರುವುದು ಬಹುಮಾನ. ಕಂಪನಿಗಳಿಗೆ ಮಾರುವವರಿಗಾಗಿ ಇ-ಪುಸ್ತಕ ಡೌನ್‌ಲೋಡ್ ಮಾಡಿಸಿ ಲೀಡ್ ಸಂಗ್ರಹಿಸುವುದಾದರೆ ಅದನ್ನು "ವಿಷಯದಲ್ಲಿ ಆಸಕ್ತಿ ಇರುವವರು" ಎಂದೇ ಹೆಸರಿಟ್ಟು ಮಾರಿ. ಕೊಳ್ಳಲು ಸಿದ್ಧರಿರುವವರು ಎಂದು ಮಾರಿದರೆ ಮೊದಲ ಹತ್ತು ಫೋನ್ ಕರೆಗಳಲ್ಲೇ ಬಣ್ಣ ಬಯಲಾಗುತ್ತದೆ.

ಶುದ್ಧೀಕರಣ ಫಾರ್ಮ್‌ನಲ್ಲೇ ಆಗಬೇಕು. ಇಮೇಲ್ ಡೊಮೈನ್ ಮೇಲ್ ಸ್ವೀಕರಿಸುತ್ತದೆಯೇ ಎಂಬ ಎಂಎಕ್ಸ್ ಪರೀಕ್ಷೆ, ತಾತ್ಕಾಲಿಕ ಇಮೇಲ್ ಸೇವೆಗಳಿಗೆ ತಡೆ, ಮನುಷ್ಯರ ಕಣ್ಣಿಗೆ ಕಾಣದ ಆದರೆ ಬಾಟ್‌ಗಳು ತುಂಬಿಬಿಡುವ ಒಂದು ಬಲೆ ಫೀಲ್ಡ್, ದುಬಾರಿ ಲೀಡ್ ಆದರೆ ಫೋನ್‌ಗೆ ಓಟಿಪಿ. ಓಟಿಪಿ ಹಾಕಿದರೆ ಸಂಖ್ಯೆ ಕುಗ್ಗುತ್ತದೆ, ಹಾಗಾಗಿ ಅದಕ್ಕೆ ತಕ್ಕ ದರ ಕೇಳಿ.

ಒಪ್ಪಿಗೆಯ ಸಾಲಿನಲ್ಲಿ ಜಾಹೀರಾತುದಾರರ ಹೆಸರು ಇರಲೇಬೇಕು. "ನಮ್ಮ ಪಾಲುದಾರರು ಸಂಪರ್ಕಿಸಬಹುದು" ಎಂದರೆ ಯಾರೆಂದು ಓದುಗರಿಗೆ ಹೇಗೆ ತಿಳಿಯಬೇಕು? 2018ರ ಮೇ 25ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಪ್ರಕಾರ, ಒಪ್ಪಿಗೆಯ ಆಧಾರದ ಮೇಲೆ ಮಾಹಿತಿ ಬಳಸುವವರು ಆ ಒಪ್ಪಿಗೆ ಸಿಕ್ಕಿದೆ ಎಂದು ತೋರಿಸಬಲ್ಲವರಾಗಿರಬೇಕು. ಮೊದಲೇ ಟಿಕ್ ಹಾಕಿಟ್ಟ ಚೌಕ ಅಲ್ಲಿ ಒಪ್ಪಿಗೆಯೇ ಅಲ್ಲ. ನೀವು ಬೇರೆಲ್ಲಿದ್ದರೂ ಅದೇ ಶಿಸ್ತು ಒಳ್ಳೆಯದು. ಪ್ರತಿ ಲೀಡ್ ಜೊತೆ ದಿನಾಂಕ, ಸಮಯ, ಐಪಿ ವಿಳಾಸ, ಪುಟದ ಯುಆರ್‌ಎಲ್, ಆಗ ತೋರಿಸಿದ ಒಪ್ಪಿಗೆಯ ಪಠ್ಯದ ಆವೃತ್ತಿ ಸಂಖ್ಯೆ ಉಳಿಸಿಡಿ. "ನಾನು ತುಂಬೇ ಇಲ್ಲ" ಎಂಬ ದೂರು ಬಂದಾಗ ನಿಮ್ಮ ಪರ ಮಾತಾಡುವುದು ಈ ದಾಖಲೆ.

ತಲುಪಿಸುವುದು

ಲೀಡ್ ಬೇಗ ಹಳಸುತ್ತದೆ. ಫಾರ್ಮ್ ತುಂಬಿದ ಕೂಡಲೇ ಎಪಿಐ ಅಥವಾ ವೆಬ್‌ಹುಕ್ ಮೂಲಕ, ಅಂದರೆ ಎರಡು ಸಾಫ್ಟ್‌ವೇರ್‌ಗಳ ನಡುವಿನ ನೇರ ಸಂಪರ್ಕದಿಂದ, ಅವರ ಸಿಆರ್‌ಎಂಗೆ (ಗ್ರಾಹಕರ ವಿವರ ಇಡುವ ಸಾಫ್ಟ್‌ವೇರ್) ಹೋಗುವುದು ಸರಿಯಾದ ದಾರಿ. ಅವರ ಕಡೆಯಿಂದ ಬರುವ ಉತ್ತರವನ್ನೂ ದಾಖಲಿಸಿ; ಅವರ ಸರ್ವರ್ ಬಿದ್ದಿದ್ದರೆ ಲೀಡ್ ಕಾದಿದ್ದು ಮತ್ತೆ ಹೋಗಬೇಕು. ಧನ್ಯವಾದದ ಪುಟದಲ್ಲಿ ಯಾರು, ಯಾವಾಗ ಫೋನ್ ಮಾಡುತ್ತಾರೆ ಎಂದು ಬರೆಯಿರಿ. ಅಪರಿಚಿತ ನಂಬರನ್ನು ಜನ ಎತ್ತುವುದು ಹೇಳಿಟ್ಟಿದ್ದರೆ ಮಾತ್ರ.

ಲೀಡ್‌ಗಳನ್ನು ಸಾಲು ಸಾಲಾಗಿ ಬರೆದ ಸಾದಾ ಪಠ್ಯದ ಪಟ್ಟಿಯನ್ನು, ಅಂದರೆ ಸಿಎಸ್‌ವಿ ಫೈಲನ್ನು, ದಿನಕ್ಕೊಂದರಂತೆ ಕಳಿಸುವ ಪದ್ಧತಿಯೂ ಇದೆ, ಮತ್ತು ಅದರಲ್ಲಿ ಆಗುವ ಅನಾಹುತಗಳು ಬೇಸರ ತರಿಸುವಷ್ಟು ಒಂದೇ ತೆರನಾದವು. ಎಕ್ಸೆಲ್‌ನಲ್ಲಿ ನೇರ ತೆರೆದರೆ ಫೋನ್ ನಂಬರಿನ ಮೊದಲ ಸೊನ್ನೆ ಮಾಯವಾಗುತ್ತದೆ. 12 ಅಂಕಿಯಷ್ಟು ಉದ್ದದ ನಂಬರು ಘಾತಾಂಕದ ರೂಪಕ್ಕೆ ತಿರುಗುತ್ತದೆ. ಇಂಗ್ಲಿಷೇತರ ಲಿಪಿಯ ಹೆಸರುಗಳು ಕಲಸುಮೇಲೋಗರವಾಗುತ್ತವೆ. 03/04 ಎಂದರೆ ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ಎಂಬ ಜಗಳ ಹುಟ್ಟುತ್ತದೆ. "ನಂಬರೇ ತಪ್ಪು" ಎಂದು ತಿರಸ್ಕಾರವಾದ ಲೀಡ್‌ಗಳು ಒಮ್ಮೆಲೇ ಹೆಚ್ಚಾದರೆ ಮೊದಲು ಇಲ್ಲಿ ಹುಡುಕಿ.

ಅವರ ಹಳೆಯ ಗ್ರಾಹಕರನ್ನು ಮತ್ತೆ ಲೀಡ್ ಎಂದು ಕಳಿಸದಿರಲು ಅವರ ಇಮೇಲ್‌ಗಳ ಎಸ್‌ಎಚ್‌ಎ-256 ಹ್ಯಾಶ್ ಪಟ್ಟಿ, ಅಂದರೆ ಪ್ರತಿ ವಿಳಾಸವನ್ನು ಗುರುತು ಸಿಗದ ಸಂಕೇತವಾಗಿಸಿದ ಪಟ್ಟಿ, ಕೇಳಿ ಪಡೆಯಿರಿ. ವಿಳಾಸಗಳನ್ನು ಬಹಿರಂಗಪಡಿಸದೆ ಹೋಲಿಸಬಹುದು. ಹ್ಯಾಶ್ ಮಾಡುವ ಮುನ್ನ ಎರಡೂ ಕಡೆ ಅಕ್ಷರಗಳನ್ನೆಲ್ಲ ಸಣ್ಣಕ್ಷರಕ್ಕೆ ತಂದು, ಹಿಂದುಮುಂದಿನ ಖಾಲಿ ಜಾಗ ತೆಗೆದಿರಬೇಕು. ಒಂದು ಸ್ಪೇಸ್ ಉಳಿದರೂ ಹ್ಯಾಶ್ ಪೂರ್ತಿ ಬೇರೆಯಾಗಿ, ಆ ವಿಳಾಸ ಹೊಂದುವುದಿಲ್ಲ.

ಪರೀಕ್ಷೆಗೆ ಎಷ್ಟು ಲೀಡ್?

"ಹತ್ತು ಲೀಡ್ ಕೊಟ್ಟು ನೋಡಿ, ಚೆನ್ನಾಗಿದ್ದರೆ ಮುಂದುವರಿಸೋಣ" ಎಂಬ ಮಾತಿಗೆ ಒಪ್ಪಬೇಡಿ. 100ಕ್ಕೆ 5 ಗ್ರಾಹಕರು ಎಂಬ ಲೆಕ್ಕವೇ ನಿಜವಾದರೂ, 10 ಲೀಡ್‌ನಲ್ಲಿ ಒಬ್ಬರೂ ಗ್ರಾಹಕರಾಗದಿರುವ ಸಾಧ್ಯತೆ 60 ಶೇಕಡಾ. 60 ಲೀಡ್ ಕೊಟ್ಟರೆ ಆ ಸಾಧ್ಯತೆ 5 ಶೇಕಡಾದ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಪರೀಕ್ಷೆ ಎಂದರೆ ಕನಿಷ್ಠ 60, ಅರ್ಧ ಹಣ ಮುಂಗಡ, ದಿನಕ್ಕೆ ಅವರು ನಿಭಾಯಿಸಬಲ್ಲಷ್ಟೇ ಮಿತಿ. ಫಲವನ್ನು ಯಾವಾಗ ನೋಡುವುದು ಎಂಬುದನ್ನೂ ಮೊದಲೇ ಗೊತ್ತುಮಾಡಿ: ಗ್ರಾಹಕರು ತೀರ್ಮಾನಕ್ಕೆ ಬರಲು ಆರು ವಾರ ಹಿಡಿಯುವ ವ್ಯವಹಾರವನ್ನು ಎರಡನೇ ವಾರ ಅಳೆದರೆ ಯಾರ ಲೀಡ್ ಆದರೂ ಸೋಲುತ್ತದೆ.

ಪರೀಕ್ಷೆ ನಡೆಯುವಾಗ ವಾರಕ್ಕೊಮ್ಮೆ ಒಂದು ವಿವರ ಕೇಳಿ ಪಡೆಯಿರಿ: ಎಷ್ಟು ಲೀಡ್‌ಗೆ ಫೋನ್ ಹೋಯಿತು, ಸರಾಸರಿ ಎಷ್ಟು ಹೊತ್ತಿಗೆ, ಎಷ್ಟು ಸಲ ಪ್ರಯತ್ನಿಸಿದರು, ಎಷ್ಟು ಜನ ಸಿಕ್ಕರು. ಕೊಡದಿದ್ದರೆ ಕಾರಣ ಊಹಿಸಬಹುದು. ಕೊಟ್ಟರೆ, ಯಾವ ಲೇಖನದಿಂದ, ಯಾವ ಸಂಚಿಕೆಯಿಂದ ಬಂದ ಲೀಡ್ ಗ್ರಾಹಕರಾಗುತ್ತಿದೆ ಎಂದು ನೀವೇ ಹೊಂದಿಸಿ ನೋಡಬಹುದು. ಇದಕ್ಕಾಗಿ ಪ್ರತಿ ಲೀಡ್‌ಗೂ ಒಂದು ಗುರುತು ಸಂಖ್ಯೆ, ಮೂಲದ ಸಂಕೇತ ಮೊದಲ ದಿನದಿಂದಲೇ ಇರಬೇಕು. ಕಡಿಮೆ ಬಿದ್ದ ಸಂಖ್ಯೆ ತುಂಬಿಸಲು ಹೊರಗಿನಿಂದ ಟ್ರಾಫಿಕ್ ಕೊಂಡು ಬೆರೆಸಿದರೆ ಇದೇ ಸಂಕೇತ ನಿಮ್ಮನ್ನು ಹಿಡಿದುಕೊಡುತ್ತದೆ. ಸಂಖ್ಯೆ ಸಾಲದಿದ್ದರೆ ಸಾಲದು ಎಂದು ಹೇಳಿ, ಅವಧಿ ಹೆಚ್ಚಿಸಿಕೊಳ್ಳಿ.

ಇನ್ನೊಂದು ಉಪಪ್ರಶ್ನೆ ಇದರ ಬಾಲ ಹಿಡಿದೇ ಬರುತ್ತದೆ: ಒಂದೇ ಲೀಡನ್ನು ಮೂವರಿಗೆ ಮಾರಬಹುದೇ? ಫಾರ್ಮ್‌ನಲ್ಲಿ ಮೂವರ ಹೆಸರೂ ಇದ್ದು, ಓದುಗರು ಒಪ್ಪಿದ್ದು, ಇದು ಹಂಚಿಕೆಯ ಲೀಡ್ ಎಂದು ಮೂವರಿಗೂ ಗೊತ್ತಿದ್ದರೆ ಮಾರಬಹುದು. ದರ ಮಾತ್ರ ಒಬ್ಬರಿಗೇ ಮೀಸಲಾದ ಲೀಡ್‌ನದ್ದು ಸಿಗದು, ಏಕೆಂದರೆ ಮೂವರಲ್ಲಿ ಮೊದಲು ಫೋನ್ ಮಾಡಿದವರು ಗೆಲ್ಲುತ್ತಾರೆ, ಉಳಿದಿಬ್ಬರು ಮುಂದಿನ ತಿಂಗಳು ಒಪ್ಪಂದ ನವೀಕರಿಸುವುದಿಲ್ಲ.