ಬಾಡಿಗೆ ಮೋಟರ್‌ಹೋಮ್‌ನ ಟೈರ್ ಕಳಚಿದಾಗ: ಗ್ರ್ಯಾಂಡ್ ಕ್ಯಾನ್ಯನ್ ದಾರಿಯಲ್ಲಿ ಪರಿಹಾರ ಪಡೆದ ಬಗೆ

ಲಾಸ್ ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ ಮೋಟರ್‌ಹೋಮ್‌ನಲ್ಲಿ (ಮಲಗುವ, ಅಡುಗೆ ಮಾಡುವ ವ್ಯವಸ್ಥೆಯಿರುವ ದೊಡ್ಡ ವಾಹನದಲ್ಲಿ) ಹೋಗುವವರು ಹೆದ್ದಾರಿ 93ರಲ್ಲಿ ಕಿಂಗ್‌ಮನ್ ತಲುಪಿ, ಅಲ್ಲಿಂದ ಅಂತರರಾಜ್ಯ ಹೆದ್ದಾರಿ 40 ಹಿಡಿದು, ವಿಲಿಯಮ್ಸ್‌ನಲ್ಲಿ ಉತ್ತರಕ್ಕೆ ತಿರುಗುತ್ತಾರೆ. ರಸ್ತೆ ಚೆನ್ನಾಗಿದೆ. ಆದರೆ ಬೇಸಿಗೆಯ ಮರುಭೂಮಿಯ ಕಾವನ್ನು ಭಾರ ಹೊತ್ತ ಹಳೆಯ ಟೈರುಗಳು ತಾಳುವುದು ಕಷ್ಟ. ಕಿಂಗ್‌ಮನ್ ದಾಟಿದ ಮೇಲೆ ನಮ್ಮ ವಾಹನದ ಹಿಂಬದಿಯ ಜೋಡಿ ಚಕ್ರಗಳಲ್ಲಿ ಒಂದರ ಟೈರಿನ ಮೇಲ್ಪದರ ಕಳಚಿ, ಚಕ್ರದ ಮೇಲಿನ ತಳಹಲಗೆಯನ್ನು ಒಡೆದು, ನೀರಿನ ಕೊಳವೆಯನ್ನು ಹರಿದು, ಒಳಗಿದ್ದ ಸಾಮಾನನ್ನೆಲ್ಲ ತೋಯಿಸಿತು. ಯಾರಿಗೂ ಗಾಯವಾಗಲಿಲ್ಲ. ಬಾಡಿಗೆ ಸಂಸ್ಥೆಯವರು ಮಾತ್ರ ದುರಸ್ತಿಯ ವೆಚ್ಚವನ್ನು ನಮ್ಮ ಠೇವಣಿಯಿಂದಲೇ ಮುರಿದುಕೊಳ್ಳುವುದಾಗಿ ತಿಳಿಸಿದರು.

ಇಂಥ ಸಂದರ್ಭದಲ್ಲಿ ಎದುರು ಪಕ್ಷದ ವಾದ ಬಹುತೇಕ ಮೊದಲೇ ಗೊತ್ತಿರುತ್ತದೆ: ನೀವು ಹೆಚ್ಚು ಭಾರ ಹೇರಿದಿರಿ, ಇಲ್ಲವೇ ಗಾಳಿ ಕಡಿಮೆಯಿತ್ತು, ಇಲ್ಲವೇ ಚಕ್ರವನ್ನು ಎಲ್ಲಿಗೋ ತಾಗಿಸಿದಿರಿ. ಆದ್ದರಿಂದ ಪರಿಹಾರದ ಸಿದ್ಧತೆ ಹೊರಡುವ ಮುನ್ನವೇ ಆಗಬೇಕು. ಸಾಮಾನು ಮತ್ತು ನೀರು ತುಂಬಿದ ಮೇಲೆ ಲಾರಿಗಳು ನಿಲ್ಲುವ ತಂಗುದಾಣದ ತೂಕದ ಕಟ್ಟೆಯಲ್ಲಿ ವಾಹನವನ್ನು ತೂಗಿಸಿ, ಚೀಟಿಯನ್ನು ಜೋಪಾನವಾಗಿಡಿ. ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್ ತೂಗುವುದರಿಂದ 40 ಗ್ಯಾಲನ್ನಿನ ತೊಟ್ಟಿಯೊಂದೇ 330 ಪೌಂಡ್ ದಾಟುತ್ತದೆ. ಟೈರಿನ ಪಕ್ಕದ ಮೈಮೇಲೆ ಅಚ್ಚಾಗಿರುವ ‘ಡಿಒಟಿ’ (ಅಮೆರಿಕದ ಸಾರಿಗೆ ಇಲಾಖೆಯ) ಗುರುತಿನ ಕೊನೆಯ ನಾಲ್ಕು ಅಂಕಿಗಳ ಚಿತ್ರ ತೆಗೆದುಕೊಳ್ಳಿ. 2317 ಎಂದಿದ್ದರೆ 2017ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಜೋಡಿ ಚಕ್ರದ ಒಳಗಿನ ಟೈರಿನಲ್ಲಿ ಈ ಗುರುತು ಕಾಣುವುದು ಕಷ್ಟ, ಆದರೂ ಬಗ್ಗಿ ನೋಡಬೇಕು.

ವಾಹನದ 17 ಅಕ್ಷರಾಂಕಗಳ ಗುರುತು ಸಂಖ್ಯೆಯನ್ನು ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಜಾಲತಾಣದಲ್ಲಿ ಹಾಕಿದರೆ ಸರಿಪಡಿಸದೆ ಉಳಿದ ಸುರಕ್ಷತಾ ದೋಷಗಳು ತಿಳಿಯುತ್ತವೆ. ಅಂಥ ದೋಷವಿರುವ ವಾಹನವನ್ನು ದೊಡ್ಡ ಬಾಡಿಗೆ ಸಂಸ್ಥೆಗಳು ಕೊಡಬಾರದೆಂಬ ಅಮೆರಿಕದ ಒಕ್ಕೂಟ ಸರ್ಕಾರದ ಕಾನೂನು 2016ರಿಂದ ಜಾರಿಯಲ್ಲಿದ್ದರೂ, ಅದು ಒಟ್ಟು ಭಾರದ ಮಿತಿ 10,000 ಪೌಂಡ್‌ಗಿಂತ ಹೆಚ್ಚಿಲ್ಲದ ವಾಹನಗಳಿಗಷ್ಟೇ ಅನ್ವಯಿಸುತ್ತದೆ. ಕುಟುಂಬಗಳು ಹಿಡಿಯುವ ಅನೇಕ ಮೋಟರ್‌ಹೋಮ್‌ಗಳು ಆ ಮಿತಿಯ ಮೇಲಿರುತ್ತವೆ.

ಅವಘಡವಾದ ಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು ಒಡೆದ ಟೈರು. ಎಳೆದೊಯ್ಯುವ ಗಾಡಿಯವರು ಅದನ್ನು ಕಸಕ್ಕೆ ಎಸೆಯಲು ಬಿಡಬೇಡಿ. ಕಳಚಿದ ಪದರ ರಸ್ತೆಯ ಬದಿಯಲ್ಲಿ ಸುರಕ್ಷಿತವಾಗಿ ಸಿಗುವಂತಿದ್ದರೆ ಅದನ್ನೂ ಕಾಯ್ದಿಡಬೇಕು. ಟೈರು ಬಾಡಿಗೆ ಸಂಸ್ಥೆಯ ಸ್ವತ್ತಾದ್ದರಿಂದ, ಪರೀಕ್ಷೆಯಾಗುವವರೆಗೆ ಅದನ್ನು ನಾಶಪಡಿಸಕೂಡದೆಂದು ನಾವು ಅದೇ ದಿನ ಇಮೇಲ್ ಬರೆದೆವು. ದೋಷ ತಯಾರಿಕೆಯದೋ ನಿರ್ವಹಣೆಯದೋ ಎಂಬುದನ್ನು ಪರಿಣತರು ಹೇಳಬಲ್ಲದ್ದು ಆ ರಬ್ಬರನ್ನು ನೋಡಿಯೇ.

ಬೇಡಿಕೆಯಲ್ಲಿ ಹಾಳಾದ ಸಾಮಾನು, ಹೋಟೆಲ್ ವೆಚ್ಚ, ಬಳಸದ ದಿನಗಳ ಬಾಡಿಗೆ, ಮರಳಿ ಸಿಗದ ಶಿಬಿರತಾಣದ ಶುಲ್ಕ ಇವನ್ನು ಬೇರೆಬೇರೆಯಾಗಿ, ರಸೀದಿ ಸಹಿತ ತೋರಿಸಬೇಕು. ಮನಸ್ಸಿಗಾದ ಬೇಸರಕ್ಕೆ ಮೊತ್ತ ಸೇರಿಸಿದರೆ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದರೂ (ವ್ಯಾಜ್ಯವನ್ನು ನ್ಯಾಯಾಲಯದ ಬದಲು ಮಧ್ಯಸ್ಥಗಾರರು ತೀರ್ಮಾನಿಸಬೇಕೆಂಬ ಷರತ್ತು) ಸಣ್ಣ ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋಗುವ ಅವಕಾಶವನ್ನು ಹಲವು ಸಂಸ್ಥೆಗಳು ಉಳಿಸಿರುತ್ತವೆ. ನೆವಾಡಾದಲ್ಲಿ ಅಂಥ ನ್ಯಾಯಾಲಯದ ಮಿತಿ 10,000 ಡಾಲರ್. ದಾವೆಗೆ ಮುನ್ನ ಲಿಖಿತ ಬೇಡಿಕೆ ಪತ್ರವನ್ನು ಸ್ವೀಕೃತಿಯ ದಾಖಲೆ ಸಿಗುವ ಅಂಚೆಯಲ್ಲಿ ಕಳುಹಿಸಬೇಕು. ನಮ್ಮ ವಿಷಯದಲ್ಲಿ ತೂಕದ ಚೀಟಿ ಲಗತ್ತಿಸಿದ ಪತ್ರವೇ ಸಾಕಾಯಿತು: ಠೇವಣಿಯೂ ಹೋಟೆಲ್ ವೆಚ್ಚವೂ ಮರಳಿದವು.

ಚೆಕ್ಕಿನೊಂದಿಗೆ ಬರುವ ಪತ್ರದಲ್ಲಿ ‘ಎಲ್ಲ ಬೇಡಿಕೆಗಳ ಪೂರ್ಣ ಹಾಗೂ ಅಂತಿಮ ತೀರ್ಮಾನ’ ಎಂಬ ಸಾಲಿದ್ದರೆ, ಸಾಮಾನಿನ ನಷ್ಟ ಇನ್ನೂ ಬಾಕಿಯಿರುವಾಗ ಸಹಿ ಹಾಕಬೇಡಿ, ಚೆಕ್ಕನ್ನು ಬ್ಯಾಂಕಿಗೂ ಕಟ್ಟಬೇಡಿ. ಆ ಸಾಲನ್ನು ಠೇವಣಿಗೆ ಮತ್ತು ಹೋಟೆಲ್ ವೆಚ್ಚಕ್ಕೆ ಮಾತ್ರ ಸೀಮಿತಗೊಳಿಸಿ ಹೊಸ ಪತ್ರ ಕೇಳಿ.